ಮಸಾಯಿ ಮಾರಾಗೆ ಮೊದಲು ನೈರೋಬಿಯಲ್ಲಿ ಒಂದು ರಾತ್ರಿ: ನನ್ನ ಅನುಭವ

ಕೀನ್ಯಾದಲ್ಲಿ ಇಳಿದ ದಿನವೇ ಮಸಾಯಿ ಮಾರಾ ವನ್ಯಧಾಮಕ್ಕೆ ಹೊರಡೋದು ಬೇಡ, ರಾಜಧಾನಿ ನೈರೋಬಿಯಲ್ಲಿ ಒಂದು ರಾತ್ರಿ ಮಲಗಿ ಹೋಗೋಣ ಎಂದಾಗ, ನನ್ನ ಹಾಗೇ ಬೆಂಗಳೂರಿನಿಂದ ಗುಂಪು ಕರೆದುಕೊಂಡು ಹೋಗುವ ಗೆಳೆಯರು ಯಾರೂ ಒಪ್ಪಲಿಲ್ಲ. "ಸಾರ್, ಜನ ಸಿಂಹ ನೋಡೋಕೆ ದುಡ್ಡು ಕೊಡ್ತಾರೆ, ಸಿಟಿ ಟ್ರಾಫಿಕ್ ನೋಡೋಕಲ್ಲ" ಅಂದರು. ಈಗ ಅವರಲ್ಲೇ ಇಬ್ಬರು ನನ್ನ ಪ್ಲಾನ್ ಕೇಳಿ ತೆಗೆದುಕೊಂಡಿದ್ದಾರೆ.

ಮೊದಲು ದುಡ್ಡಿನ ಮಾತು. ಜುಲೈಯಿಂದ ಡಿಸೆಂಬರ್‌ವರೆಗೆ ಮಾರಾ ಪ್ರವೇಶಕ್ಕೆ ವಿದೇಶಿಯರಿಗೆ ತಲೆಗೆ ದಿನಕ್ಕೆ 200 ಡಾಲರ್. ಟಿಕೆಟ್ ನಡೆಯುವುದು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ಬೆಳಿಗ್ಗೆ ಇಳಿದು ನೇರ ಹೊರಟರೂ ಐದಾರು ಗಂಟೆ ರಸ್ತೆ. ಗೇಟು ಮುಟ್ಟುವಾಗ ನಾಲ್ಕೂವರೆ. ಒಂದೂವರೆ ಗಂಟೆಗೆ 200 ಡಾಲರ್! ಅದೂ ಅರ್ಧ ಜನ ವ್ಯಾನಿನಲ್ಲಿ ತೂಕಡಿಸುತ್ತಿರುತ್ತಾರೆ. ನೈರೋಬಿಯಲ್ಲಿ ಇಬ್ಬರಿಗೆ ಒಳ್ಳೆಯ ರೂಮು ಎಂಟು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಲೆಕ್ಕ ನೀವೇ ಹಾಕಿ.

ಆದರೆ ರೂಮು ಎಲ್ಲಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಏರ್‌ಪೋರ್ಟ್ ಹತ್ತಿರ, ಮೊಂಬಾಸಾ ರೋಡಿನಲ್ಲಿ ಹಾಕಿ ನೋಡಿದೆ. ಬಾಡಿಗೆ ಕಮ್ಮಿ, ಆದರೆ ಬೆಳಿಗ್ಗೆ ಊರನ್ನೆಲ್ಲ ದಾಟಬೇಕು. ಊರ ನಡುವೆ ಹಾಕಿದಾಗ ಕೆಳಗಿನ ಮಹಡಿಯಲ್ಲಿ ನಡುರಾತ್ರಿವರೆಗೆ ಸಂಗೀತ, ಏಳು ಗಂಟೆಗೆ ಮೊದಲು ಕಾಫಿಯೂ ಇಲ್ಲ. ಕೊನೆಗೆ ಕೈ ಹಿಡಿದದ್ದು ವೆಸ್ಟ್‌ಲ್ಯಾಂಡ್ಸ್ ಬಡಾವಣೆ. 2022ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ಏರ್‌ಪೋರ್ಟ್ ಕಡೆಯಿಂದ ಅಲ್ಲಿಗೇ ತಂದು ಬಿಡುತ್ತದೆ. ಟೋಲ್ ಕೊಟ್ಟರೂ ಲಾಭವೇ. ಮಾರನೇ ದಿನ ಹೊರಟರೆ ಎದುರಿಗೇ ಮಾರಾ ದಾರಿ. ಹೋಟೆಲಿನ ಹೆಸರು ಹೇಳುವುದಿಲ್ಲ, ಆ ರೇಟು ಕುದುರಿಸಲು ತುಂಬಾ ದಿನ ಹಿಡಿದಿದೆ. ಬುಕ್ ಮಾಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಐದು ಗಂಟೆಗೆ ತಿಂಡಿ ಕಟ್ಟಿ ಕೊಡ್ತೀರಾ?

ಯಾಕೆಂದರೆ ನಮ್ಮವರ ನಿದ್ದೆಯೇ ನಮಗೆ ಅನುಕೂಲ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ದಿನಾ ಆರೂವರೆಗೆ ಏಳುವವರಿಗೆ ಅಲ್ಲಿ ನಾಲ್ಕಕ್ಕೇ ಎಚ್ಚರ. ಯಾರನ್ನೂ ಬಾಗಿಲು ಬಡಿದು ಎಬ್ಬಿಸಬೇಕಿಲ್ಲ. ಐದೂವರೆಗೆ ಗಾಡಿ ಹೊರಟರೆ ಟ್ರಾಫಿಕ್ ಹುಟ್ಟುವ ಮುಂಚೆಯೇ ಊರು ದಾಟಿರುತ್ತೇವೆ. ರಿಫ್ಟ್ ಕಣಿವೆಯ ಅಂಚಿನಲ್ಲಿ ಚಹಾ, ನಾರೋಕ್ ಪಟ್ಟಣದಲ್ಲಿ ಡೀಸೆಲ್, ಮಾರಾದ ಸೆಕೆನಾನಿ ಗೇಟಿಗೆ ಹನ್ನೊಂದರ ಹೊತ್ತಿಗೆ. 200 ಡಾಲರಿಗೆ ಪೂರ್ತಿ ಮಧ್ಯಾಹ್ನ, ಪೂರ್ತಿ ಸಂಜೆ.

ಇಳಿದ ದಿನದ ಮಧ್ಯಾಹ್ನ ಲಾಂಗಾಟಾದ ಜಿರಾಫ್ ಸೆಂಟರ್. ಎತ್ತರದ ಕಟ್ಟೆಯ ಮೇಲೆ ನಿಂತು ಅಂಗೈಯಲ್ಲಿ ಮೇವಿನ ಉಂಡೆ ಹಿಡಿದರೆ ಸಾಕು, ಜಿರಾಫೆ ಕತ್ತು ಚಾಚಿ ಕಪ್ಪು-ನೀಲಿ ನಾಲಿಗೆಯಿಂದ ನೆಕ್ಕಿಕೊಂಡು ಹೋಗುತ್ತದೆ. ಮೊಳದುದ್ದದ ನಾಲಿಗೆ, ಉಪ್ಪುಕಾಗದದ ಹಾಗೆ ಒರಟು, ಮೊಣಕೈವರೆಗೂ ಜೊಲ್ಲು. ಮಂಡಿನೋವಿನ ಹಿರಿಯರೂ ಅಲ್ಲಿ ಮಕ್ಕಳಾಗುತ್ತಾರೆ. ತಾಯಿ ಕಳೆದುಕೊಂಡ ಆನೆಮರಿಗಳನ್ನು ಸಾಕುವ ಶೆಲ್ಡ್ರಿಕ್ ಕೇಂದ್ರವನ್ನು ವಾಪಸ್ ಬರುವ ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿ ಸಾರ್ವಜನಿಕರಿಗೆ ಬಿಡುವುದು 11ರಿಂದ 12, ಮೊದಲೇ ಬುಕ್ ಮಾಡಿರಬೇಕು. ಇಳಿದ ದಿನಕ್ಕೆ ಹೊಂದುವುದಿಲ್ಲ.

ಆರೂವರೆಗೇ ಊಟ. ಪಾರ್ಕ್‌ಲ್ಯಾಂಡ್ಸ್ ಬಡಾವಣೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಗುಜರಾತಿಗಳಿದ್ದಾರೆ, ಫುಲ್ಕಾ, ಕಢಿ, ಅನ್ನ, ಮಜ್ಜಿಗೆ ಎಲ್ಲಾ ಸಿಗುತ್ತದೆ. ಎಂಟಕ್ಕೆ ಎಲ್ಲರೂ ನಿದ್ದೆ. ಸ್ವೆಟರ್ ಮರೆಯಬೇಡಿ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಜುಲೈ ರಾತ್ರಿ ಮಡಿಕೇರಿಗಿಂತ ಜಾಸ್ತಿ ಚಳಿ.

ಪ್ಲಾಸ್ಟಿಕ್ ವಿಷಯ ಮನೆ ಬಿಡುವ ಮುಂಚೆಯೇ ನೋಡಿಕೊಳ್ಳಿ. 2017ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. 2020ರಿಂದ ರಾಷ್ಟ್ರೀಯ ಉದ್ಯಾನಗಳೊಳಗೆ ಒಮ್ಮೆ ಬಳಸಿ ಬಿಸಾಡುವ ಬಾಟಲಿಗೂ ಜಾಗವಿಲ್ಲ. ನಮ್ಮವರ ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ ಎಲ್ಲಾ ಕವರಿನಲ್ಲೇ ಬರುವುದು, ಅಲ್ವಾ? ಹೊರಡುವ ವಾರವೇ ಎಲ್ಲರಿಗೂ ಸ್ಟೀಲ್ ಡಬ್ಬಿ, ಬಟ್ಟೆ ಚೀಲ ಕೊಟ್ಟುಬಿಡುತ್ತೇನೆ.

ಫೋಟೋಗ್ರಾಫರ್‌ಗಳ ಒಂದು ಗುಂಪಿಗೆ ನೈರೋಬಿಯದೇ ವಿಲ್ಸನ್ ಏರ್‌ಪೋರ್ಟಿನಿಂದ ಸಣ್ಣ ವಿಮಾನವನ್ನೂ ಮಾಡಿ ನೋಡಿದೆ. ಮುಕ್ಕಾಲು ಗಂಟೆಗೆ ಮಾರಾ. ಆದರೆ ಕೈಚೀಲ ಸೇರಿ 15 ಕೆಜಿ, ಅದೂ ಮೆತ್ತನೆ ಬ್ಯಾಗು. ಲೆನ್ಸುಗಳೇ ಅಷ್ಟು ತೂಗುತ್ತವೆ. ಒಂದು ಕಡೆಗೆ ತಲೆಗೆ ಇಪ್ಪತ್ತು ಸಾವಿರದ ಹತ್ತಿರ ಬಿತ್ತು. ಅದರಲ್ಲಿ ಹೋಗುವವರಿಗೂ ಹಿಂದಿನ ರಾತ್ರಿ ನೈರೋಬಿಯಲ್ಲೇ ಇರುವುದು ಕ್ಷೇಮ. ಮುಂಬೈ ವಿಮಾನ ತಡವಾದರೆ ವಿಲ್ಸನ್‌ನಲ್ಲಿ ಯಾರೂ ಕಾಯುವುದಿಲ್ಲ.

ಮುಂದಿನ ವರ್ಷ ಇದನ್ನೇ ಟಾಂಜಾನಿಯಾದ ಅರೂಷಾದಲ್ಲಿ ಮಾಡಬೇಕೆಂದಿದ್ದೇನೆ. ಸೆರೆಂಗೆಟಿ ದಾರಿ ಇನ್ನೂ ಉದ್ದ. ನಡುವೆ ಕರಾಟುವಿನಲ್ಲಿ ಇನ್ನೊಂದು ರಾತ್ರಿ ಹಾಕಿದರೆ ಖರ್ಚು ಎಷ್ಟು ಏರುತ್ತದೆ ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ.