ಚಕ್ರ ನಾನೇ ಬಿಚ್ಚಿದೆ, ಟೈರ್ ಪಂಕ್ಚರ್ ಅಂಗಡಿಯವರು ಹಾಕಿದರು

ನನ್ನ ಸ್ಪ್ಲೆಂಡರ್‌ನ ಹಿಂದಿನ ಟೈರ್ ಬೋಳಾಗಿತ್ತು. ಟೈರಿನ ಗೀರುಗಳ ಒಳಗೆ ಚಿಕ್ಕ ಉಬ್ಬು ಇರುತ್ತದಲ್ಲ, ಟಿಡಬ್ಲ್ಯುಐ (ಟ್ರೆಡ್ ವೇರ್ ಇಂಡಿಕೇಟರ್, ಅಂದರೆ ಸವೆತದ ಮಿತಿ ತೋರಿಸುವ ಗುರುತು) ಅಂತ ಪಕ್ಕದಲ್ಲಿ ಬರೆದಿರುತ್ತಾರೆ, ಟೈರ್ ಸವೆದು ಸವೆದು ಆ ಉಬ್ಬಿನ ಮಟ್ಟಕ್ಕೇ ಬಂದಿತ್ತು. ದಿನಾ ಬೆಳಿಗ್ಗೆ ಮಗಳನ್ನು ಕಾಲೇಜಿಗೆ ಬಿಡುವುದು ಇದೇ ಗಾಡಿಯಲ್ಲಿ. ಒಂದು ದಿನ ಮಳೆಯಲ್ಲಿ ಬ್ರೇಕ್ ಹಿಡಿದಾಗ ಹಿಂದಿನ ಚಕ್ರ ಜಾರಿತು. ಅವಳು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನು ತಡ ಮಾಡಬಾರದು ಅನ್ನಿಸಿತು.

ಸರ್ವಿಸ್ ಸೆಂಟರ್‌ನಲ್ಲಿ ಟೈರ್, ಟ್ಯೂಬ್, ಮಜೂರಿ ಸೇರಿ 2,450 ರೂಪಾಯಿ ಅಂದರು. ಜಾಸ್ತಿ ಆಯ್ತು ಅನ್ನಿಸಿ, ಟೈರ್ ಬೇರೆ ಕಡೆ ಕೊಳ್ಳೋಣ, ಚಕ್ರ ಮನೆಯಲ್ಲೇ ಬಿಚ್ಚೋಣ ಅಂತ ನಿರ್ಧರಿಸಿದೆ.

ಟೈರ್ ಕೊಳ್ಳುವಾಗಲೇ ಹುಷಾರಾಗಿರಬೇಕು. ನನ್ನದು ಕಡ್ಡಿ ಚಕ್ರದ ಗಾಡಿ, ಹಿಂದೆ ಮುಂದೆ ಎರಡೂ 2.75-18 ಸೈಜ್. ಆದರೆ ಮುಂದಿನದು 42ಪಿ, ಹಿಂದಿನದು 48ಪಿ. ಪಿ ಅನ್ನುವುದು ವೇಗದ ಮಿತಿಯ ಗುರುತು, ಅಂಕಿ ಭಾರದ ಗುರುತು. 42 ಅಂದರೆ 150 ಕೆಜಿ ಹೊರುವ ಟೈರ್, 48 ಅಂದರೆ 180 ಕೆಜಿ. ಇಬ್ಬರು ಕೂರುವುದರಿಂದ ನನ್ನ ಗಾಡಿಯ ಹಿಂದಕ್ಕೆ 48 ಇರಲೇಬೇಕು. ಮೊದಲ ಅಂಗಡಿಯಲ್ಲಿ ತುಂಬಾ ಕಡಿಮೆ ರೇಟು ಹೇಳಿದರು. ಟೈರ್ ತಿರುಗಿಸಿ ನೋಡಿದರೆ ಪಕ್ಕದಲ್ಲಿ 1122 ಅಂತ ಇತ್ತು. 2022ರ 11ನೇ ವಾರದ ಮಾಲು. ವರ್ಷಗಟ್ಟಲೆ ಅಟ್ಟದ ಮೇಲೆ ಬಿದ್ದಿದ್ದ ರಬ್ಬರ್ ನನಗೆ ಬೇಡ ಅಂದೆ. ಎರಡನೇ ಅಂಗಡಿಯಲ್ಲಿ ಹೊಸ ತಾರೀಖಿನದು 1,480ಕ್ಕೆ ಸಿಕ್ಕಿತು. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹೊಸ ದರವೇ ಹಾಕಿದ್ದಾರಾ ಅಂತ ನೋಡಲು ಬಿಲ್ ಕೇಳಿ ತಗೊಂಡೆ. ಟ್ಯೂಬ್ 260. ಹಳೇ ಟ್ಯೂಬೇ ನಡೆಯುತ್ತೆ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಹಿಗ್ಗಿದ ಟ್ಯೂಬ್ ಹೊಸ ಟೈರಿನೊಳಗೆ ಮಡಿಚಿಕೊಂಡು ಅಲ್ಲೇ ಹರಿಯುತ್ತದೆ.

ಚಕ್ರ ಬಿಚ್ಚುವುದು ಕಷ್ಟವಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಬ್ರೇಕ್ ರಾಡ್ ಕಳಚಿ, ಬ್ರೇಕ್ ಪ್ಲೇಟ್ ಹಿಡಿದಿರುವ ಪಟ್ಟಿಯ ನಟ್ ತೆಗೆದು, ಆಕ್ಸಲ್‌ನ (ಚಕ್ರದ ನಡುವೆ ತೂರಿರುವ ಕಂಬಿಯ) ನಟ್ ಬಿಚ್ಚಿ ಅದನ್ನು ಎಳೆದರೆ ಆಯ್ತು. ಸ್ಪ್ಲೆಂಡರ್‌ನಲ್ಲಿ ಚೈನ್, ಅದು ಕೂರುವ ಹಲ್ಲಿನ ಚಕ್ರ (ಸ್ಪ್ರಾಕೆಟ್) ಎರಡೂ ಗಾಡಿಯಲ್ಲೇ ಉಳಿಯುತ್ತವೆ, ಚಕ್ರ ಮಾತ್ರ ಬಲಕ್ಕೆ ಸರಿದು ಹೊರಬರುತ್ತದೆ. ಆಗ ಹಬ್‌ನೊಳಗೆ (ಚಕ್ರದ ನಡುಭಾಗದೊಳಗೆ) ಚೈನಿನ ಎಳೆತದ ಜರ್ಕ್ ತಡೆಯುವ ಕಪ್ಲಿಂಗ್ ರಬ್ಬರ್ ಕಾಣುತ್ತದೆ. ನನ್ನದು ಚೆನ್ನಾಗಿತ್ತು. ಬ್ರೇಕ್ ಶೂ ಮೇಲಿನ ಕಪ್ಪು ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆಕ್ಸಲ್ ಮೇಲಿನ ಯಾವ ಬುಷ್ (ಚಿಕ್ಕ ಕೊಳವೆ) ಯಾವ ಕಡೆ ಅಂತ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಪಕ್ಕದ ಮನೆಯವರ ಸ್ಕೂಟರ್ ಫುಟ್‌ಬೋರ್ಡ್ ಮೇಲೆ ಚಕ್ರ ಇಟ್ಟುಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಟೈರ್ ಏರಿಸುವುದನ್ನು ನಾನು ಮಾಡುವುದಿಲ್ಲ. ಎರಡು ವರ್ಷದ ಹಿಂದೆ ಪ್ರಯತ್ನಿಸಿ ಹೊಸ ಟ್ಯೂಬನ್ನೇ ಟೈರ್ ಮೀಟುವ ಕಬ್ಬಿಣದ ಪಟ್ಟಿಗೆ, ಅಂದರೆ ಲಿವರ್‌ಗೆ, ಸಿಕ್ಕಿಸಿ ತೂತು ಮಾಡಿದ್ದೆ. ಅಂಗಡಿಯ ಅಣ್ಣ ಮೊದಲು ಟ್ಯೂಬಿಗೆ ಒಂಚೂರು ಗಾಳಿ ಹಾಕಿದರು. ಯಾಕಣ್ಣಾ ಅಂದೆ. "ಗಾಳಿ ಇದ್ರೆ ಮಡಿಚಲ್ಲ ಸಾರ್, ಲಿವರ್‌ಗೂ ಸಿಗಲ್ಲ" ಅಂದರು. ಟೈರಿನ ಅಂಚಿಗೆ ಸೋಪಿನ ನೀರು ಸವರಿದರು. ಒಂದು ಕಡೆಯ ಅಂಚನ್ನು ಪಾದದಿಂದ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿದರು. ಅಷ್ಟಾದ ಮೇಲೆ ಎದುರಿನ ಕಡೆ ಅಂಚು ಸಡಿಲವಾಯಿತು. ಎರಡು ಲಿವರ್, ನಾಲ್ಕೈದು ಸಲ ಮೀಟಿದರು, ಟೈರ್ ಕೂತಿತು. ಬಲವೇ ಹಾಕಲಿಲ್ಲ. ನಾನು ತಪ್ಪಿದ್ದು ಆ ತಗ್ಗಿನ ವಿಷಯದಲ್ಲೇ.

ಬರೀ ಚಕ್ರ ಆದ್ದರಿಂದ 100 ರೂಪಾಯಿ ತಗೊಂಡರು. ಒಟ್ಟು 1,840, ಅಂದರೆ 610 ಉಳಿಯಿತು. ಟೈರಿನ ಬಾಣದ ಗುರುತು ಚಕ್ರ ಉರುಳುವ ಕಡೆಗೇ ಇದೆಯಾ ಅಂತ ಅಲ್ಲೇ ನೋಡಿಕೊಂಡೆ.

ಮನೆಗೆ ಬಂದು ಚಕ್ರ ಕೂರಿಸಿ, ಎರಡೂ ಕಡೆ ಚೈನ್ ಅಡ್ಜಸ್ಟರ್ ಗೀಟು ಸಮ ಮಾಡಿ, ನಟ್ ಬಿಗಿ ಮಾಡಿದೆ. ಬ್ರೇಕ್ ಪೆಡಲ್ ಎಷ್ಟು ಒತ್ತಿದ ಮೇಲೆ ಹಿಡಿಯುತ್ತದೆ ಅಂತ ನೋಡಿ ರಾಡ್ ಸರಿಪಡಿಸಿದೆ. ಹೊಸ ಟೈರ್ ಮೊದಲ ನೂರು ಕಿಲೋಮೀಟರ್ ಜಾರುತ್ತದೆ. ಹಾಗಾಗಿ ಆ ವಾರ ಮಗಳನ್ನು ಬಸ್ಸಿಗೆ ಕಳಿಸಿ, ಒಬ್ಬನೇ ನಿಧಾನವಾಗಿ ಓಡಿಸಿದೆ. ಸೋಮವಾರ ನಟ್ ಇನ್ನೊಮ್ಮೆ ಬಿಗಿ ನೋಡಿ, ಗಾಳಿ ನೋಡಿ, ಅವಳನ್ನು ಕೂರಿಸಿಕೊಂಡು ಹೊರಟೆ.