ಎರಡು ಬ್ಲಾಕ್, ಒಂದೇ ನೆನಪು

ಸಿಮ್ಯುಲಿಂಕ್ ಅಂದರೆ ಬ್ಲಾಕ್ ಜೋಡಿಸಿ ಯಂತ್ರದ ಮಾಡೆಲ್ ಮಾಡಿ ಕಂಪ್ಯೂಟರಿನಲ್ಲೇ ಓಡಿಸಿ ನೋಡುವ, ಮ್ಯಾಟ್‌ಲ್ಯಾಬ್ ಒಳಗಿನ ಸಾಫ್ಟ್‌ವೇರ್. ಅದರ ಲೈಬ್ರರಿಯಲ್ಲಿ ನೂರಾರು ಬ್ಲಾಕ್‌ಗಳಿವೆ. ಆದರೂ ನಾನೇ ಒಂದು ಬರೆಯಬೇಕಾಗಿ ಬಂತು.

ನಾವು ಮಾಡುತ್ತಿದ್ದದ್ದು ಸೋಲಾರ್ ಪಂಪ್ ಕಂಟ್ರೋಲರ್. 5 ಎಚ್‌ಪಿ ಬೋರ್‌ವೆಲ್ ಪಂಪು, ಅದಕ್ಕೆ 330 ವ್ಯಾಟಿನ 16 ಪ್ಯಾನೆಲ್, ಎಂಟೆಂಟರ ಎರಡು ಸಾಲು. ಬಿಸಿಲು ಬದಲಾದ ಹಾಗೆಲ್ಲ ಯಾವ ವೋಲ್ಟೇಜಿನಲ್ಲಿ ಎಳೆದರೆ ಜಾಸ್ತಿ ಪವರ್ ಸಿಗುತ್ತದೆ ಎಂದು ಕಂಟ್ರೋಲರ್ ಹುಡುಕುತ್ತಲೇ ಇರಬೇಕು. ಇದಕ್ಕೆ ಎಂಪಿಪಿಟಿ (ಮ್ಯಾಕ್ಸಿಮಮ್ ಪವರ್ ಪಾಯಿಂಟ್ ಟ್ರ್ಯಾಕಿಂಗ್) ಅನ್ನುತ್ತಾರೆ. ನಾವು ಬಳಸಿದ್ದು ಅದರಲ್ಲೇ ಸರಳವಾದ ‘ಪರ್ಟರ್ಬ್ ಅಂಡ್ ಅಬ್ಸರ್ವ್’. ವೋಲ್ಟೇಜನ್ನು ಅರ್ಧ ವೋಲ್ಟ್ ಅಲುಗಾಡಿಸಿ ನೋಡು. ಪವರ್ ಏರಿತಾ? ಅದೇ ದಿಕ್ಕಿಗೆ ಹೋಗು. ಇಳಿಯಿತಾ? ತಿರುಗು. ಮಂಜಿನಲ್ಲಿ ಗುಡ್ಡ ಹತ್ತುವವನು ಕಾಲಲ್ಲೇ ತಡವಿ ಏರು ಯಾವ ಕಡೆ ಎಂದು ಕಂಡುಕೊಂಡ ಹಾಗೆ.

ಲಾಜಿಕ್ ಸರಿಯಿದೆಯಾ ಎಂದು ನೋಡಲು ಮ್ಯಾಟ್‌ಲ್ಯಾಬ್ ಫಂಕ್ಷನ್ ಬ್ಲಾಕ್ ಧಾರಾಳ ಸಾಕಿತ್ತು. ಆದರೆ ಕಂಟ್ರೋಲರಿನ ಚಿಪ್ಪಿಗೆ ಹೋಗುವ ಅದೇ ಸಿ ಫೈಲ್ ಮಾಡೆಲ್ ಒಳಗೂ ಓಡಬೇಕು ಎಂಬುದು ನನ್ನ ಹಟ. ಹಾಗಾಗಿ ಸಿ ಎಸ್-ಫಂಕ್ಷನ್, ಅಂದರೆ ಸಿ ಭಾಷೆಯಲ್ಲಿ ನಾವೇ ಬರೆದುಕೊಳ್ಳುವ ಬ್ಲಾಕ್. ಸಾಫ್ಟ್‌ವೇರ್ ಜೊತೆಗೇ ಖಾಲಿ ಟೆಂಪ್ಲೇಟ್ ಬರುತ್ತದೆ. ಎರಡು ಇನ್‌ಪುಟ್, ಒಂದು ಔಟ್‌ಪುಟ್ ಎಂದು ತುಂಬಿಸಿ, ‘ಔಟ್‌ಪುಟ್ಸ್’ ಫಂಕ್ಷನ್ನಿನಲ್ಲಿ ನಮ್ಮ ಫರ್ಮ್‌ವೇರ್ ಕೋಡನ್ನು (ಚಿಪ್ಪಿನಲ್ಲಿ ಓಡುವ ಆ ಸಿ ಫೈಲನ್ನು) ಕರೆದೆ. ಮಧ್ಯಾಹ್ನದೊಳಗೆ ಮೆಕ್ಸ್ (ಮ್ಯಾಟ್‌ಲ್ಯಾಬ್ ಲೋಡ್ ಮಾಡಿಕೊಳ್ಳುವ ಫೈಲ್) ಕಂಪೈಲ್ ಆಯಿತು. ಇಷ್ಟೇನಾ ಅನ್ನಿಸಿತು.

ಓಡಿಸಿದರೆ ವೋಲ್ಟೇಜ್ ಅರ್ಧರ್ಧ ಹೆಜ್ಜೆ ಇಡುವ ಬದಲು ಎರಡು, ಮೂರು ವೋಲ್ಟ್ ಹಾರುತ್ತಿದೆ. ಕಾರಣ ಸಾಲ್ವರ್, ಅಂದರೆ ಮಾಡೆಲನ್ನು ಕಾಲದಲ್ಲಿ ಮುಂದೆ ಸಾಗಿಸುವ ಲೆಕ್ಕದ ಭಾಗ. ನಾನು ಬಳಸಿದ ಓಡಿಇ45 ಎಂಬ ಸಾಲ್ವರ್ ಕಾಲದಲ್ಲಿ ಒಂದು ಹೆಜ್ಜೆ ಮುಂದಿಡಲು ಒಳಗೊಳಗೇ ಆರೇಳು ಸಲ ಲೆಕ್ಕ ಹಾಕುತ್ತದೆ. ಹಿಡಿಸದಿದ್ದರೆ ಹಿಂದೆ ಸರಿದು ಇನ್ನೂ ಸಣ್ಣ ಹೆಜ್ಜೆ ಇಡುತ್ತದೆ. ಟೆಂಪ್ಲೇಟಿನಲ್ಲಿದ್ದ ‘ಕಂಟಿನ್ಯುಯಸ್’ ಸ್ಯಾಂಪಲ್ ಟೈಮನ್ನು (ಬ್ಲಾಕ್ ಎಷ್ಟು ಹೊತ್ತಿಗೊಮ್ಮೆ ಓಡಬೇಕು ಎಂಬುದನ್ನು) ನಾನು ಹಾಗೇ ಬಿಟ್ಟಿದ್ದೆ. ಹಾಗಾಗಿ ಪ್ರತಿ ಸಲವೂ ನನ್ನ ಕೋಡಿಗೆ ಕರೆ ಬರುತ್ತಿತ್ತು, ಕೋಡು ಪ್ರತಿ ಸಲವೂ ನಿಷ್ಠೆಯಿಂದ ಒಂದು ಹೆಜ್ಜೆ ಇಡುತ್ತಿತ್ತು. ಸಾಲ್ವರ್ ಹಿಂದೆ ಸರಿದರೂ ನನ್ನ ವೇರಿಯಬಲ್ ಸರಿಯುತ್ತಿರಲಿಲ್ಲ. ಸ್ಯಾಂಪಲ್ ಟೈಮನ್ನು 0.01 ಸೆಕೆಂಡ್ ಮಾಡಿದೆ. ಚಿಪ್ಪಿನಲ್ಲೂ ಅದೇ 10 ಮಿಲಿಸೆಕೆಂಡ್. ಗ್ರಾಫ್ ಸರಿಹೋಯಿತು.

ನಿಜವಾದ ತಲೆನೋವು ಬಂದದ್ದು ಎರಡನೇ ಸಾಲಿಗೆ ಅದೇ ಬ್ಲಾಕನ್ನು ಕಾಪಿ ಮಾಡಿ ಹಾಕಿದಾಗ. ಒಂದು ಸಾಲಿಗೆ ಪೂರ್ತಿ ಬಿಸಿಲು, ಚದರ ಮೀಟರಿಗೆ 1000 ವ್ಯಾಟ್. ಇನ್ನೊಂದಕ್ಕೆ ಮೋಡ ಕವಿದ 400. (ತೆಂಗಿನ ಗರಿಯ ನೆರಳು ಬಿದ್ದರೆ ಕಥೆಯೇ ಬೇರೆ. ಗುಡ್ಡಕ್ಕೆ ಎರಡು ಮೂರು ತುದಿ ಹುಟ್ಟಿಕೊಳ್ಳುತ್ತವೆ. ಅದನ್ನು ಆಗ ಮುಟ್ಟಲಿಲ್ಲ.) ಶುರುವಿನ ವೋಲ್ಟೇಜ್ 280 ಕೊಟ್ಟಿದ್ದೆ. ಮೊದಲ ಸಾಲು 280.5, 279.5 ಎಂದು ಓಲಾಡುತ್ತಿತ್ತು. ತುದಿ ಮುಟ್ಟಿದ ಎಂಪಿಪಿಟಿ ಕಾಣುವುದೇ ಹಾಗೆ. ಪವರೂ ಹೆಚ್ಚುಕಮ್ಮಿ ಸರಿಯಿತ್ತು. ಸ್ಕ್ರೀನ್‌ಶಾಟ್ ತೆಗೆದು ಮ್ಯಾನೇಜರಿಗೆ ಕಳಿಸಿಯೂ ಬಿಟ್ಟೆ.

ಸಂಜೆ ಟೀ ಕುಡಿಯುತ್ತಾ ಇನ್ನೊಂದು ಸಾಲಿನ ಗೆರೆ ನೋಡಿದೆ. ನೆಟ್ಟಗೆ 280. ಒಂದಿಷ್ಟೂ ಅಲುಗಾಟವಿಲ್ಲ. ಇದು ಸುಮ್ನೆ ಕೂರುವ ಜಾತಿಯ ಕೋಡೇ ಅಲ್ಲವಲ್ಲ! ಶುರುವಿನ ಬೆಲೆಯನ್ನು 240 ಮಾಡಿದೆ. ಈಗ ಎರಡೂ 240ರಲ್ಲೇ ‘ತುದಿ’ ಕಂಡುಕೊಂಡವು. ನಿಜವಾದ ತುದಿ ಇರಬೇಕಾದದ್ದು 296ರ ಆಸುಪಾಸು.

ಫರ್ಮ್‌ವೇರ್ ಕೋಡು ವೋಲ್ಟೇಜ್, ದಿಕ್ಕು, ಹಿಂದಿನ ಪವರ್ ಮೂರನ್ನೂ ಸ್ಟ್ಯಾಟಿಕ್ ವೇರಿಯಬಲ್‌ಗಳಲ್ಲಿ, ಅಂದರೆ ಒಂದು ಕರೆಯಿಂದ ಇನ್ನೊಂದಕ್ಕೆ ಬೆಲೆ ಉಳಿಸಿಕೊಳ್ಳುವ ಜಾಗಗಳಲ್ಲಿ, ಇಟ್ಟುಕೊಂಡಿತ್ತು. ಚಿಪ್ಪಿನ ಮೇಲೆ ಅಲ್ಲಿಯವರೆಗೆ ಓಡುತ್ತಿದ್ದದ್ದು ಒಂದೇ ಸಾಲು, ಹಾಗಾಗಿ ತೊಂದರೆ ಇರಲಿಲ್ಲ. ಇಲ್ಲಿ ಬ್ಲಾಕ್ ಎರಡಿದ್ದರೂ ಮೆಮೊರಿಗೆ ಲೋಡ್ ಆಗುವ ಮೆಕ್ಸ್ ಫೈಲ್ ಒಂದೇ, ಸ್ಟ್ಯಾಟಿಕ್ ಕೂಡ ಒಂದೇ. ಬಿಸಿಲಿನ ಸಾಲು ಪಕ್ಕದವನ ಕಡಿಮೆ ಪವರ್ ನೋಡಿ ‘ಏರಿತು’ ಅನ್ನುತ್ತಿತ್ತು, ದಿಕ್ಕು ಬದಲಿಸದೆ ಅರ್ಧ ವೋಲ್ಟ್ ಹೋಗುತ್ತಿತ್ತು. ಮೋಡದ ಸಾಲು ಅವನ ಜಾಸ್ತಿ ಪವರ್ ನೋಡಿ ‘ಇಳಿಯಿತು’ ಎಂದು ತಿರುಗಿ, ಅದೇ ಅರ್ಧ ವೋಲ್ಟನ್ನು ವಾಪಸ್ ತರುತ್ತಿತ್ತು. ಹತ್ತು ಮಿಲಿಸೆಕೆಂಡಿಗೊಮ್ಮೆ ಇದೇ ಜಗ್ಗಾಟ.

ಸರಿಮಾಡಲು ಎರಡು ದಿನ ಹಿಡಿಯಿತು. ಮೂರೂ ವೇರಿಯಬಲ್‌ಗಳನ್ನು ಒಂದು ಸ್ಟ್ರಕ್ಚರಿಗೆ ಹಾಕಿ, ಕೋಡಿಗೆ ಅದರ ಪಾಯಿಂಟರ್ (ಮೆಮೊರಿಯ ವಿಳಾಸ) ಕೊಟ್ಟೆ. ಬ್ಲಾಕಿನಲ್ಲಿ ಮೂರು ಡಿಸ್ಕ್ರೀಟ್ ಸ್ಟೇಟ್ (ಬ್ಲಾಕ್ ತನ್ನ ಬೆಲೆ ನೆನಪಿಟ್ಟುಕೊಳ್ಳುವ ಜಾಗ) ಕೇಳಿಕೊಂಡೆ. ಇವನ್ನು ಸಿಮ್ಯುಲಿಂಕ್ ಪ್ರತಿ ಬ್ಲಾಕಿಗೂ ಬೇರೆ ಬೇರೆ ಕೊಡುತ್ತದೆ. ಲೆಕ್ಕವನ್ನೆಲ್ಲ ‘ಅಪ್‌ಡೇಟ್’ ಫಂಕ್ಷನ್ನಿಗೆ ಸಾಗಿಸಿದೆ. ‘ಔಟ್‌ಪುಟ್ಸ್’ ಈಗ ಇಟ್ಟುಕೊಂಡ ವೋಲ್ಟೇಜನ್ನು ಹೊರಗೆ ಕೊಡುತ್ತದೆ, ಅಷ್ಟೇ. ಅದು ಇನ್‌ಪುಟ್ ಮುಟ್ಟುವುದೇ ಇಲ್ಲವಾದ್ದರಿಂದ ಡೈರೆಕ್ಟ್ ಫೀಡ್‌ಥ್ರೂ (ಔಟ್‌ಪುಟ್ ಆ ಕ್ಷಣದ ಇನ್‌ಪುಟ್ ಮೇಲೆ ನಿಂತಿದೆ ಎಂದು ಹೇಳುವ ಗುರುತು) ಸೊನ್ನೆ ಮಾಡಬಹುದು. ಪ್ಯಾನೆಲಿನ ವೋಲ್ಟೇಜ್ ಹಿಡಿದಿಡುವ ಕನ್ವರ್ಟರ್ ಬದಲು ಬರೀ ಗೇನ್ (ಒಂದು ಅಂಕಿಯಿಂದ ಗುಣಿಸುವ ಬ್ಲಾಕ್) ಹಾಕಿ ಓಡಿಸುವಾಗ ಗೆಳೆಯನೊಬ್ಬನಿಗೆ ಕಾಡುತ್ತಿದ್ದ ಅಲ್ಜಿಬ್ರಾಯಿಕ್ ಲೂಪ್ ಎರರ್ (ಔಟ್‌ಪುಟ್ ಸುತ್ತಿ ಬಂದು ಅದೇ ಕ್ಷಣದಲ್ಲಿ ತನ್ನದೇ ಇನ್‌ಪುಟ್ ಆಗುವ ತೊಡಕು) ಕೂಡ ಇದರಿಂದಲೇ ಹೋಯಿತು. ಅದು ನಾನು ಎಣಿಸಿರದ ಲಾಭ.

ಈ ಎರಡು ದಿನದಲ್ಲಿ ಮ್ಯಾಟ್‌ಲ್ಯಾಬ್ ನಾಲ್ಕು ಸಲ ಪೂರ್ತಿ ಬಿದ್ದಿತ್ತು. ಸಿ ಕೋಡಿನಲ್ಲಿ ಪಾಯಿಂಟರ್ ತಪ್ಪಿದರೆ ಬ್ಲಾಕ್ ಒಂದೇ ಸಾಯುವುದಿಲ್ಲ, ಸೇವ್ ಮಾಡದ ಮಾಡೆಲ್ ಕೂಡ ಹೋಗುತ್ತದೆ. ವಿಂಡೋಸ್‌ನಲ್ಲಾದರೆ ಮತ್ತೆ ಕಂಪೈಲ್ ಮಾಡುವ ಮೊದಲು ‘ಕ್ಲಿಯರ್ ಮೆಕ್ಸ್’ ಕೊಡಿ. ಇಲ್ಲದಿದ್ದರೆ ಹಳೇ ಫೈಲ್ ಲಾಕ್ ಆಗಿರುತ್ತದೆ, ಎರರ್ ಯಾಕೆ ಬಂತೆಂದು ತಿಳಿಯದೆ ಅರ್ಧ ಗಂಟೆ ಹಾಳು.

ಮತ್ತೆ 240ರಿಂದ ಓಡಿಸಿದೆ. ಬಿಸಿಲಿನ ಸಾಲು ಒಂದು ಸೆಕೆಂಡಿಗೆ ತುಸು ಜಾಸ್ತಿಯಲ್ಲಿ ಮೇಲೆ ಹತ್ತಿ ಓಲಾಡತೊಡಗಿತು. ಮೋಡದ್ದೂ ತನ್ನ ಪಾಡಿಗೆ ತಾನು ಹತ್ತಿತು. ಹೊಸ ಸ್ಕ್ರೀನ್‌ಶಾಟ್ ಕಳಿಸುವಾಗ ಹಳೆಯದು ಯಾಕೆ ತಪ್ಪು ಎಂದು ಮ್ಯಾನೇಜರಿಗೆ ಒಂದು ಪುಟ ಬರೆಯಬೇಕಾಯಿತು. ಈಗ ಯಾವ ಬ್ಲಾಕ್ ಬರೆದರೂ ಟೆಸ್ಟ್ ಮಾಡೆಲಿನಲ್ಲಿ ಅದರ ಎರಡು ಕಾಪಿ ಇಟ್ಟು, ಬೇರೆ ಬೇರೆ ಇನ್‌ಪುಟ್ ಕೊಟ್ಟು ಓಡಿಸುತ್ತೇನೆ.