ಬೆಳ್ಳಿ ರೂಪಾಯಿ ಅಸಲಿಯೋ ಖೋಟಾವೋ? ಸರಾಫರಂತೆ ಪರೀಕ್ಷಿಸಿ

19ನೇ ಶತಮಾನದಲ್ಲಿ ಚೀನಾದ ಬಂದರು ಪಟ್ಟಣ ಕ್ಯಾಂಟನ್‌ನಲ್ಲಿ ಖೋಟಾ ನಾಣ್ಯ ಹಿಡಿಯುವುದನ್ನು ಕಲಿಸಲೆಂದೇ ಶಾಲೆಗಳಿದ್ದವು. ಪಾಠಕ್ಕೆ ಬೇಕಾದ ಕೆಟ್ಟ ನಾಣ್ಯಗಳನ್ನು ಗುರುಗಳೇ ಕೂಡಿಟ್ಟಿರುತ್ತಿದ್ದರು. ಚೀನಾದ ಚಹಾ, ರೇಷ್ಮೆ ಕೊಳ್ಳಲು ಸ್ಪೇನ್ ಮತ್ತು ಮೆಕ್ಸಿಕೊದ ಬೆಳ್ಳಿ ಡಾಲರ್ ಬರುತ್ತಿತ್ತು, ಜೊತೆಗೆ ಕಳ್ಳನಾಣ್ಯವೂ ನುಸುಳುತ್ತಿತ್ತು. ಅದನ್ನು ಆರಿಸಿ ತೆಗೆಯುವವರೇ ಸರಾಫರು. ನಮ್ಮ ಚಿನಿವಾರರ ಕೆಲಸವೂ ಇದೇ ಆಗಿತ್ತು. ಮನೆಯಲ್ಲಿ ಹಳೇ ಬೆಳ್ಳಿ ರೂಪಾಯಿ ಇದೆಯೇ? ಹೀಗೆ ನೋಡಿ.

ಮೊದಲು, ಖಾತ್ರಿಯಿರುವ ಇನ್ನೊಂದು ರೂಪಾಯಿ ಪಕ್ಕದಲ್ಲಿರಲಿ. ಹೋಲಿಸದೆ ಕಣ್ಣಿಗೆ ಏನೂ ತಿಳಿಯುವುದಿಲ್ಲ.

ಆಮೇಲೆ ಅಂಚು. ನಾವೆಲ್ಲ ರಾಣಿಯ ಮುಖ ನೋಡುತ್ತೇವೆ, ಅಲ್ವಾ? ಖೋಟಾ ಮಾಡುವವನಿಗೂ ಅದು ಗೊತ್ತು. ಕ್ಯಾಂಟನ್‌ನ ಕಳ್ಳರು ಅಸಲಿ ಡಾಲರಿನ ಒಳಗಿನ ಬೆಳ್ಳಿಯನ್ನೇ ಕೆರೆದು ತೆಗೆದು, ತಾಮ್ರವನ್ನೋ ಸೀಸವನ್ನೋ ತುಂಬಿ ಮತ್ತೆ ಮುಚ್ಚುತ್ತಿದ್ದರು. ಮುಖ ಅಸಲಿಯೇ, ಹೊಟ್ಟೆ ಮಾತ್ರ ಖೋಟಾ! ಬೆಸುಗೆಯ ಗೆರೆ ಇದೆಯೇ, ಅಂಚಿನ ಗೀರುಗಳು ಸುತ್ತಲೂ ಒಂದೇ ಸಮ ಇವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ಈಗ ಸದ್ದು. ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ, ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ. ಬೆಳ್ಳಿಯ ನಾದ ಕೊಂಚ ಹೊತ್ತು ನಿಲ್ಲುತ್ತದೆ. ಸೀಸ ತುಂಬಿದ್ದು ಮಂಕಾಗಿ ಸದ್ದು ಮಾಡುತ್ತದೆ. ಆದರೆ ಬಿರುಕು ಬಿಟ್ಟ ಅಸಲಿಯೂ ಹಾಗೇ ಕೇಳಿಸೀತು. ಅನುಭವವಿಲ್ಲದ ಕಿವಿಯನ್ನು ಜಾಸ್ತಿ ನಂಬಬೇಡಿ.

ನನಗೆ ತಕ್ಕಡಿಯ ಮೇಲೇ ಹೆಚ್ಚು ನಂಬಿಕೆ. 1835ರಿಂದ 1939ರವರೆಗಿನ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಬೆಳ್ಳಿ ಸುಮಾರು 91.7 ಶೇಕಡಾ. ಸವೆದಿದ್ದರೆ ತೂಕ ತುಸು ಕಡಿಮೆಯಾಗಬಹುದು. ಜಾಸ್ತಿ ತೂಗಿದರೆ ಅನುಮಾನ ಪಡಿ.

ತೂಕ ಸರಿಯಿದ್ದರೆ ನೀರಿನ ಪರೀಕ್ಷೆ ಮಾಡಿ. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಅಸಲಿಯಾದರೆ ಸುಮಾರು 1.13 ತೋರಿಸುತ್ತದೆ. ಅಷ್ಟೇ ತೂಕದ ತಾಮ್ರ 1.3 ತೋರಿಸುತ್ತದೆ. ಆದರೆ ಸೀಸ ಬೆಳ್ಳಿಗಿಂತ ಭಾರ. ತಾಮ್ರ, ಸೀಸ ಎರಡನ್ನೂ ಲೆಕ್ಕ ಹಾಕಿ ಸೇರಿಸಿದರೆ ಈ ಪರೀಕ್ಷೆಯನ್ನೂ ದಾಟಬಹುದು. ಅದಕ್ಕೇ ಅಂಚು, ಸದ್ದು, ತೂಕ ಎಲ್ಲವೂ ಒಪ್ಪಬೇಕು.

ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. 1947ರ ರೂಪಾಯಿ ಅಂಟಿದರೆ ಗಾಬರಿ ಬೇಡ, ಅದು ನಿಕಲ್ಲಿನದು. 1940ರಿಂದ 45ರವರೆಗಿನದರಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ, ಹಾಗಾಗಿ ಅದಕ್ಕೆ 1.13ರ ಲೆಕ್ಕ ಹೊಂದದು.

ಕ್ಯಾಂಟನ್ ಸರಾಫರು ಪಾಸಾದ ಡಾಲರಿನ ಮೇಲೆ ತಮ್ಮ ಮುದ್ರೆ ಒತ್ತುತ್ತಿದ್ದರು. ಕೈಯಿಂದ ಕೈಗೆ ಹೋಗಿ, ಮುದ್ರೆ ಬಿದ್ದೂ ಬಿದ್ದೂ ಕೆಲವು ಬಟ್ಟಲಿನಂತೆ ಬಾಗಿಹೋದವು. ನೀವು ಮಾತ್ರ ಕೆರೆಯುವುದು, ಕತ್ತರಿಸುವುದು ಮಾಡಬೇಡಿ. ಗುರುತು ಬಿದ್ದ ರೂಪಾಯಿಗೆ ಸಂಗ್ರಹಕಾರರು ಕಡಿಮೆ ಬೆಲೆ ಕೊಡುತ್ತಾರೆ. ಒರೆಗಲ್ಲಾಗಲಿ, ಆಭರಣದಂಗಡಿಯ ಎಕ್ಸ್‌ರೇ ಯಂತ್ರವಾಗಲಿ ಮೇಲ್ಪದರವನ್ನಷ್ಟೇ ಹೇಳುತ್ತದೆ. ಅಂಗಡಿಗೆ ಹೋಗುವಾಗ ತೂಕ ಮತ್ತು ನೀರಿನ ಲೆಕ್ಕವನ್ನೂ ಬರೆದುಕೊಂಡು ಹೋಗಿ.